ಎಂಎಸ್‌ನ ನಡುಕ ಅಳೆಯಲು ಯಾವ ಅಳತೆಗೋಲು: ಒಂದು ಹೋಲಿಕೆ

ನೀರು ತುಂಬಿದ ಲೋಟವನ್ನು ಮೇಜಿನಿಂದ ಎತ್ತುವಾಗ ಕೈ ಸರಿಯಾಗಿಯೇ ಇರುತ್ತದೆ. ಅರ್ಧ ದಾರಿಯವರೆಗೂ ಏನೂ ಆಗುವುದಿಲ್ಲ. ತುಟಿಗೆ ಇನ್ನೊಂದು ಗೇಣು ಇದೆ ಎನ್ನುವಾಗ ಕೈ ಅತ್ತಿತ್ತ ಹೊಯ್ದಾಡತೊಡಗುತ್ತದೆ. ತುಟಿ ಹತ್ತಿರವಾದಷ್ಟೂ ಹೊಯ್ದಾಟ ಹೆಚ್ಚಿ, ನೀರು ಎದೆಯ ಮೇಲೆ ಚೆಲ್ಲುತ್ತದೆ. ಮೆದುಳು, ಬೆನ್ನುಹುರಿಯ ನರಗಳನ್ನು ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆ, ಅಂದರೆ ಎಂಎಸ್ ಇರುವವರಲ್ಲಿ ಹೆಚ್ಚಾಗಿ ಕಾಣುವ ನಡುಕ ಇದೇ.

ಆದರೆ ಅದೇ ಲೋಟ ಬೇರೆ ಕಾರಣಕ್ಕೂ ಚೆಲ್ಲುತ್ತದೆ. ಭುಜದಲ್ಲಿ ಬಲ ಸಾಲದಿರಬಹುದು, ಬೆರಳಿಗೆ ಲೋಟದ ಸ್ಪರ್ಶ ತಿಳಿಯದಿರಬಹುದು, ಎಲ್ಲವೂ ಎರಡೆರಡಾಗಿ ಕಂಡು ಅಂದಾಜು ತಪ್ಪುತ್ತಿರಬಹುದು. ಎಂಎಸ್ ಒಂದೇ ಕೈಯಲ್ಲಿ ಈ ನಾಲ್ಕನ್ನೂ ಒಟ್ಟಿಗೆ ತಂದಿಡಬಲ್ಲದು. ಅದಕ್ಕೇ ಇಲ್ಲಿ ಮಾಪಕದ ಆಯ್ಕೆ ಇಷ್ಟು ಮುಖ್ಯವಾಗುತ್ತದೆ. ಕೆಲವು ಮಾಪಕಗಳು ನಡುಕವನ್ನಷ್ಟೇ ನೋಡುತ್ತವೆ, ಕೆಲವು ಕೈ ಮಾಡುವ ಕೆಲಸವನ್ನು, ಇನ್ನು ಕೆಲವು ಆ ಕೈಯಿಟ್ಟುಕೊಂಡು ದಿನ ಹೇಗೆ ಸಾಗುತ್ತಿದೆ ಎಂಬುದನ್ನು. ಅಂಕ ಬಂದ ಮೇಲೆ ಯಾವ ತೀರ್ಮಾನ ತೆಗೆದುಕೊಳ್ಳಬೇಕಿದೆಯೋ ಅದನ್ನು ಮೊದಲೇ ಬರೆದಿಟ್ಟುಕೊಂಡು ಮಾಪಕ ಹುಡುಕಿ. ಹೆಸರುವಾಸಿ ಮಾಪಕವನ್ನು ಮೊದಲು ಹಿಡಿದು ಆಮೇಲೆ ಪ್ರಶ್ನೆ ಹುಡುಕಿದರೆ ಅಂಕ ಸಿಗುತ್ತದೆ, ಉತ್ತರ ಸಿಗುವುದಿಲ್ಲ.

ಮೊದಲು: ಇದು ನಡುಕವೇ?

ಯಾವ ಮಾಪಕ ತೆರೆಯುವ ಮುನ್ನವೂ ಹತ್ತು ನಿಮಿಷ ಇದಕ್ಕೆ ಕೊಡಬೇಕು. ಕೈಗಳನ್ನು ತೊಡೆಯ ಮೇಲೆ ಸಡಿಲವಾಗಿ ಇಡಿಸಿ ಅರ್ಧ ನಿಮಿಷ ನೋಡಿ. ನಂತರ ಎರಡೂ ಕೈ ಮುಂದಕ್ಕೆ ಚಾಚಿಸಿ ನೋಡಿ, ಮೊಣಕೈ ಮಡಿಸಿ ಬೆರಳುಗಳನ್ನು ಮೂಗಿನ ಮುಂದೆ ಎದುರುಬದುರಾಗಿ ಹಿಡಿಸಿ ನೋಡಿ. ಆಮೇಲೆ ಬೆರಳಿನಿಂದ ಮೂಗು, ಮೂಗಿನಿಂದ ನಿಮ್ಮ ಬೆರಳು. ನಿಮ್ಮ ಬೆರಳು ಅವರ ಕೈ ಬಹುತೇಕ ಪೂರ್ತಿ ಚಾಚಿದಾಗಷ್ಟೇ ಎಟುಕುವ ದೂರದಲ್ಲಿರಲಿ. ಹತ್ತಿರ ಹಿಡಿದರೆ ಸಣ್ಣ ನಡುಕ ಕಾಣದೇ ಹೋಗುತ್ತದೆ, ತಪ್ಪು ಹೆಚ್ಚಾಗಿ ಆಗುವುದು ಇಲ್ಲೇ. ನಿಧಾನವಾಗಿ ಮಾಡಲು ಹೇಳಿ. ವೇಗವಾಗಿ ಚುಚ್ಚಿದಂತೆ ಮುಟ್ಟುವವರಲ್ಲಿ ಕೊನೆಯ ಕೆಲವು ಸೆಂಟಿಮೀಟರ್‌ಗಳ ನಡುಕ ವೇಗದಲ್ಲಿ ಮರೆಯಾಗಿಬಿಡುತ್ತದೆ.

ನೋಡಬೇಕಾದ್ದು ಎರಡು. ಗುರಿಯ ಸುತ್ತ ಒಂದು ಲಯದಲ್ಲಿ ಹೋಗಿಬರುವ ಆಟ ಇದ್ದರೆ ಅದು ಇಂಟೆನ್ಷನ್ ಟ್ರೆಮರ್. ಲಯವಿಲ್ಲದೆ ಗುರಿ ದಾಟಿ ಹೋಗುವುದು ಅಥವಾ ಮುಂಚೆಯೇ ನಿಂತು ತಡವರಿಸುವುದು ಡಿಸ್ಮೆಟ್ರಿಯಾ, ಅಂದರೆ ಅಳತೆ ತಪ್ಪುವಿಕೆ. ಎರಡರ ಮೂಲವೂ ಕಿರುಮೆದುಳು ಮತ್ತು ಅದರಿಂದ ಮೆದುಳಿನ ಒಳಭಾಗದ ಥಾಲಮಸ್‌ಗೆ ಹೋಗುವ ನರಹಾದಿ. ಹಾಗಾಗಿ ಒಟ್ಟಿಗೆ ಬರುವುದೇ ಹೆಚ್ಚು. ಬೇರೆಬೇರೆ ಬರೆದುಕೊಳ್ಳುವ ಶ್ರಮ ಯಾಕೆಂದರೆ, ಥಾಲಮಸ್‌ಗೆ ಮಾಡುವ ಶಸ್ತ್ರಚಿಕಿತ್ಸೆ ಅಥವಾ ಡೀಪ್ ಬ್ರೇನ್ ಸ್ಟಿಮ್ಯುಲೇಷನ್ (ಮೆದುಳಿನೊಳಗೆ ತಂತಿ ಇಟ್ಟು ವಿದ್ಯುತ್ ಕೊಡುವುದು) ನಡುಕವನ್ನು ತಗ್ಗಿಸಬಹುದೇ ಹೊರತು ಅಟಾಕ್ಸಿಯಾವನ್ನು, ಅಂದರೆ ಅಳತೆ ತಪ್ಪುವಿಕೆಯಂಥ ಚಲನೆಯ ಹೊಂದಾಣಿಕೆಯ ದೋಷವನ್ನು, ಸರಿಪಡಿಸುವುದಿಲ್ಲ. ಎರಡನ್ನೂ ‘ನಡುಕ’ ಎಂಬ ಒಂದೇ ಅಂಕದಲ್ಲಿ ಸೇರಿಸಿಬಿಟ್ಟರೆ, ಆಪರೇಷನ್ ಆದ ಮೇಲೆ ಕೈ ಸ್ಥಿರವಾಗಿದ್ದರೂ ಗುಂಡಿ ಹಾಕಲು ಬಾರದ ಪರಿಸ್ಥಿತಿ ಎದುರಾಗುತ್ತದೆ. ರೋಗಿಗೆ ಅದನ್ನು ಮೊದಲೇ ಹೇಳಿರುವುದಿಲ್ಲ.

2001ರಲ್ಲಿ ಪ್ರಕಟವಾದ, ಎಂಎಸ್ ಇರುವ 100 ಜನರ ಒಂದು ಅಧ್ಯಯನದಲ್ಲಿ 58 ಜನರಲ್ಲಿ ನಡುಕ ಕಂಡಿತ್ತು. 56 ಜನರಲ್ಲಿ ತೋಳುಗಳು, 10 ಜನರಲ್ಲಿ ಕಾಲು, 9 ಜನರಲ್ಲಿ ತಲೆ, 7 ಜನರಲ್ಲಿ ಮುಂಡ ನಡುಗುತ್ತಿತ್ತು. ಎಲ್ಲವೂ ಕೈ ಎತ್ತಿ ಹಿಡಿದಾಗ ಅಥವಾ ಚಲಿಸುವಾಗ ಬರುವ ನಡುಕವೇ. ವಿಶ್ರಾಂತಿಯ ನಡುಕ ಒಬ್ಬರಲ್ಲೂ ಇರಲಿಲ್ಲ. ಆದ್ದರಿಂದ ತೊಡೆಯ ಮೇಲೆ ಸುಮ್ಮನಿಟ್ಟ ಕೈ ನಡುಗುತ್ತಿದ್ದರೆ ‘ಎಂಎಸ್ ಇದೆಯಲ್ಲ, ಅದೇ ಇರಬೇಕು’ ಎಂದು ಮುಂದೆ ಹೋಗಬೇಡಿ. ಕೈ ನಿಜವಾಗಿಯೂ ಸಡಿಲವಾಗಿದೆಯೇ ನೋಡಿ, ಪಾರ್ಕಿನ್‌ಸನ್ ಮಾದರಿಯ ಬೇರೆ ಕಾರಣವನ್ನು ಹುಡುಕಿ.

ನಡುಕದಂತೆ ಕಂಡು ಮೋಸ ಮಾಡುವ ಇನ್ನೂ ಕೆಲವಿವೆ. ಪಾದ ಒಂದೇ ಸಮನೆ ಕುಣಿಯುತ್ತಿದ್ದರೆ ಅದು ಬಿಗಿತದಿಂದ ಬರುವ ಕ್ಲೋನಸ್ ಇರಬಹುದು. ಹಿಮ್ಮಡಿ ಊರಿಸಿದರೆ ಅಥವಾ ಪಾದದ ಕೋನ ಬದಲಿಸಿದರೆ ನಿಲ್ಲುತ್ತದೆ. ಕೈ ಚಾಚಿ ಕಣ್ಣು ಮುಚ್ಚಿದ ಕೂಡಲೇ ಬೆರಳುಗಳು ಹಾವಿನಂತೆ ನಿಧಾನಕ್ಕೆ ಆಡತೊಡಗಿದರೆ ಅದು ಸ್ಥಾನದ ಅರಿವು ಹೋದದ್ದರ ಲಕ್ಷಣ. ಬೆರಳುಗಳ ಸಣ್ಣ, ಚುರುಕಾದ ನಡುಕವಾಗಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ, ಔಷಧಿಗಳ ಪಟ್ಟಿ ನೋಡಿ. ವ್ಯಾಲ್ಪ್ರೋಯೇಟ್, ಲಿಥಿಯಂ, ಸಾಲ್ಬುಟಮಾಲ್, ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ, ಮರುಕಳಿಕೆಗೆ ಕೊಟ್ಟ ಸ್ಟೀರಾಯ್ಡ್, ಇವೆಲ್ಲ ಕೈ ನಡುಗಿಸಬಲ್ಲವು. ಇನ್ನೊಂದು ಕೈಯಲ್ಲಿ ಬೇರೆ ಲಯದಲ್ಲಿ ಮೇಜು ತಟ್ಟಲು ಹೇಳಿದಾಗ ನಡುಗುವ ಕೈಯೂ ಆ ಲಯಕ್ಕೆ ತಿರುಗಿಕೊಂಡರೆ ಅಥವಾ ನಿಂತೇಹೋದರೆ ಅದು ಫಂಕ್ಷನಲ್ ನಡುಕದ, ಅಂದರೆ ನರಕ್ಕೆ ಹಾನಿಯಿಲ್ಲದೆ ಮೆದುಳಿನ ಕಾರ್ಯ ತಪ್ಪಿ ಬರುವ ನಡುಕದ ಸೂಚನೆ. ಅದೂ ನಿಜವಾದ ತೊಂದರೆಯೇ, ನಟನೆಯಲ್ಲ. ಚಿಕಿತ್ಸೆಯ ದಾರಿ ಮಾತ್ರ ಬೇರೆ.

ನಡುಕದ ಮಾಪಕಗಳು

ಬಳಕೆಯಲ್ಲಿ ಮುಖ್ಯವಾಗಿ ಕಾಣುವುದು ನಾಲ್ಕು.

ಫಾನ್–ಟೊಲೊಸಾ–ಮರಿನ್ ಮಾಪಕ ಇವುಗಳಲ್ಲಿ ಹಳೆಯದು, ವಿವರವಾದದ್ದು. ಮೂರು ಭಾಗಗಳಿವೆ. ದೇಹದ ಯಾವ ಭಾಗ ಯಾವ ಸ್ಥಿತಿಯಲ್ಲಿ ಎಷ್ಟು ನಡುಗುತ್ತದೆ ಎಂಬುದು ಮೊದಲನೆಯದು. ಬರವಣಿಗೆ, ಹಾಳೆಯ ಮೇಲೆ ಸುರುಳಿ, ಗೆರೆ ಎಳೆಯುವುದು, ನೀರು ಸುರಿಯುವುದು ಎರಡನೆಯದು. ಊಟ, ಬಟ್ಟೆ, ಸ್ನಾನದಂಥ ದಿನದ ಕೆಲಸ ಮೂರನೆಯದು. ಪ್ರತಿಯೊಂದಕ್ಕೂ 0ರಿಂದ 4 ಅಂಕ. ಲಾಭವೆಂದರೆ ನಡುಕ ಮತ್ತು ಅದರಿಂದಾಗುವ ತೊಂದರೆ ಒಂದೇ ಹಾಳೆಯಲ್ಲಿ ಸಿಗುತ್ತವೆ. ದೋಷವೂ ಅಲ್ಲೇ ಇದೆ. ದಿನದ ಕೆಲಸದ ಭಾಗಕ್ಕೆ ಕೈ ಯಾಕೆ ಸೋಲುತ್ತಿದೆ ಎಂಬುದು ಗೊತ್ತಾಗುವುದಿಲ್ಲ. ಬಲವಿಲ್ಲದ ಕೈಗೂ ಅಲ್ಲಿ ಹೆಚ್ಚು ಅಂಕ ಬೀಳುತ್ತದೆ. ಎಂಎಸ್‌ನಲ್ಲಿ ಮೂರೂ ಭಾಗಗಳ ಮೊತ್ತವೊಂದನ್ನೇ ಬರೆಯುವುದು ತಪ್ಪು, ಭಾಗವಾರು ಬರೆಯಿರಿ. ಇನ್ನೊಂದು ಕೊರತೆ, ಕೆಲವೇ ಸೆಂಟಿಮೀಟರ್ ಅಗಲದ ನಡುಕಕ್ಕೇ ಇದರಲ್ಲಿ ಪೂರ್ತಿ 4 ಅಂಕ ಸಂದುಬಿಡುತ್ತದೆ. ತೋಳೆಲ್ಲ ಬೀಸುವಂಥ ತೀವ್ರ ನಡುಕ ಅರ್ಧಕ್ಕರ್ಧ ತಗ್ಗಿದರೂ ಅಂಕ 4ರಲ್ಲೇ ಕೂತಿರಬಹುದು.

ಟೆಟ್ರಾಸ್ ಮಾಪಕ ಈ ಕೊರತೆಯನ್ನು ತುಂಬುತ್ತದೆ. ತೋಳಿನ ನಡುಕವನ್ನು ಸೆಂಟಿಮೀಟರ್ ಲೆಕ್ಕದಲ್ಲಿ, ಅರ್ಧರ್ಧ ಅಂಕದ ಮೆಟ್ಟಿಲುಗಳಲ್ಲಿ ಅಳೆಯುತ್ತದೆ. 1ರಿಂದ 3 ಸೆಂ.ಮೀ. ಅಗಲಕ್ಕೆ 2 ಅಂಕ, 5ರಿಂದ 10ಕ್ಕೆ 3, 20 ಸೆಂ.ಮೀ. ಮುಟ್ಟಿದರೆ ಮಾತ್ರ 4. ಆದರೆ ಇದು ಎಂಎಸ್‌ಗೆ ಸಂಬಂಧವಿಲ್ಲದ, ಎಸೆನ್ಷಿಯಲ್ ಟ್ರೆಮರ್ ಎಂಬ ಬೇರೆ ನಡುಕದ ಕಾಯಿಲೆಗೆಂದು ಹುಟ್ಟಿದ ಮಾಪಕ. ಕಿರುಮೆದುಳಿನ ಉಳಿದ ತೊಂದರೆಗಳಿಗೆ ಇದರಲ್ಲಿ ಜಾಗವಿಲ್ಲ.

ಬೇನ್ ಮಾಪಕ 0ರಿಂದ 10ರವರೆಗೆ. 1–3 ಸೌಮ್ಯ, 4–6 ಮಧ್ಯಮ, 7–9 ತೀವ್ರ, 10 ಅತಿ ತೀವ್ರ. ತಲೆ, ತೋಳು, ಕಾಲು ಹೀಗೆ ಪ್ರತಿ ಭಾಗಕ್ಕೂ ಭಂಗಿಯ ನಡುಕ, ಚಲನೆಯ ನಡುಕ ಎಂದು ಪ್ರತ್ಯೇಕ ಅಂಕ ಕೊಡಬಹುದು. ಎಂಎಸ್ ಇರುವವರಲ್ಲೇ ಪರೀಕ್ಷಿಸಿ ನೋಡಿದ್ದಾರೆ ಎಂಬುದು ಇದರ ದೊಡ್ಡ ಬಲ. ಮಧ್ಯೆ ಮೆಟ್ಟಿಲು ಹೆಚ್ಚಿರುವುದರಿಂದ ಸಣ್ಣ ಬದಲಾವಣೆಯೂ ದಾಖಲಾಗುತ್ತದೆ. ಸೆಂಟಿಮೀಟರಿನ ಗಟ್ಟಿ ಗಡಿ ಇಲ್ಲದ್ದರಿಂದ ಒಬ್ಬರ 5 ಇನ್ನೊಬ್ಬರಿಗೆ 6 ಆಗುವುದು ಇದರ ತೊಡಕು. ಪರಿಹಾರ ಸರಳ. ಒಬ್ಬ ರೋಗಿಯನ್ನು ಪ್ರತಿಸಲ ಒಬ್ಬರೇ ನೋಡಲಿ, ಪ್ರತಿ ಭೇಟಿಯ ವಿಡಿಯೊ ಇರಲಿ.

ಸಾರಾ ಮಾಪಕ ಅಳೆಯುವುದು ಅಟಾಕ್ಸಿಯಾವನ್ನು. ನಡಿಗೆಯಿಂದ ಹಿಮ್ಮಡಿ–ಮೊಣಕಾಲು ಪರೀಕ್ಷೆಯವರೆಗೆ 8 ಅಂಶ, ಒಟ್ಟು 40 ಅಂಕ, ಕಾಲು ಗಂಟೆ ಸಾಕು. ನಡಿಗೆಗೇ 8, ನಿಲ್ಲುವುದಕ್ಕೆ 6, ಮಾತಿಗೆ 6 ಅಂಕ ಹೋಗುವುದರಿಂದ ಕೈಯ ಪಾಲು ಕಡಿಮೆ. ಮೂಗು–ಬೆರಳು ಪರೀಕ್ಷೆಯ 4 ಅಂಕವಷ್ಟೇ ನೇರವಾಗಿ ನಡುಕಕ್ಕೆ ಮೀಸಲು. ಕಾಲಿನಲ್ಲಿ ಬಲ ಇಲ್ಲದವರ ಸಾರಾ ಅಂಕ ಕಿರುಮೆದುಳು ಚೆನ್ನಾಗಿದ್ದರೂ ಏರುತ್ತದೆ.

ನಮ್ಮ ಆಯ್ಕೆ: ದಿನನಿತ್ಯದ ಚಿಕಿತ್ಸೆಗೆ ಬೇನ್ ಮಾಪಕ, ಜೊತೆಗೆ ಒಂದು ಸುರುಳಿ. ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಫಾನ್–ಟೊಲೊಸಾ–ಮರಿನ್ ಮತ್ತು ಸಾರಾ ಎರಡೂ. ಮೊದಲನೆಯದು ತಗ್ಗಬಹುದಾದದ್ದನ್ನು, ಎರಡನೆಯದು ಉಳಿಯುವುದನ್ನು ತೋರಿಸುತ್ತದೆ.

ಯಾವ ಮಾಪಕವಾದರೂ ಒಂದು ಮಾತು ನೆನಪಿರಲಿ. ಅಂಕಕ್ಕೂ ನಡುಕದ ನಿಜವಾದ ಅಗಲಕ್ಕೂ ಸಂಬಂಧ ನೇರ ಗೆರೆಯಂತಿಲ್ಲ, ಲಾಗರಿದಮ್‌ನಂತಿದೆ. 4ರಿಂದ 3ಕ್ಕೆ ಇಳಿದರೆ ನಡುಕ ಕಾಲು ಭಾಗ ತಗ್ಗಿದೆ ಎಂದಲ್ಲ, ಅದಕ್ಕಿಂತ ಬಹಳ ಹೆಚ್ಚು ತಗ್ಗಿದೆ. ‘ಒಂದೇ ಅಂಕ ತಾನೇ’ ಎಂದು ಔಷಧಿ ನಿಲ್ಲಿಸುವ ಮುನ್ನ ಇದನ್ನು ಯೋಚಿಸಬೇಕು.

ಸುರುಳಿ ಮತ್ತು ನೀರು

ಇವೆರಡೂ ಅಗ್ಗ, ಇವೆರಡೂ ಸುಲಭವಾಗಿ ಕೆಡುತ್ತವೆ. ಸುರುಳಿಗೆ ಒಂದೇ ಗಾತ್ರದ ಹಾಳೆ, ಒಂದೇ ಬಗೆಯ ಬಾಲ್‌ಪಾಯಿಂಟ್ ಪೆನ್ ಇಟ್ಟುಕೊಳ್ಳಿ. ಹಾಳೆಯನ್ನು ನಾಲ್ಕು ಮೂಲೆಗೂ ಟೇಪ್ ಹಾಕಿ ಅಂಟಿಸಿ. ಪೆನ್ ಹಿಡಿದ ಕೈಯಾಗಲಿ ಮೊಣಕೈಯಾಗಲಿ ಮೇಜಿಗೆ ತಾಗಬಾರದು. ತಾಗಿದರೆ ಮೇಜೇ ನಡುಕವನ್ನು ಹಿಡಿದು ನಿಲ್ಲಿಸುತ್ತದೆ, ಹಾಳೆಯ ಮೇಲೆ ಬರುವುದು ಬೆರಳುಗಳ ಆಟ ಮಾತ್ರ. ಎಂಎಸ್‌ನ ನಡುಕ ಬಹಳ ಸಲ ಭುಜ, ಮೊಣಕೈಯಂಥ ಮೇಲಿನ ಕೀಲುಗಳಿಂದ ಬರುವುದರಿಂದ ಈ ತಪ್ಪಿನಿಂದ ಇಡೀ ಪರೀಕ್ಷೆ ವ್ಯರ್ಥವಾಗಬಹುದು. ಬಲಗೈ, ಎಡಗೈ ಎರಡರಿಂದಲೂ ಬರೆಸಿ. ಮೂಲೆಯಲ್ಲಿ ತಾರೀಕು, ಹೊತ್ತು, ಯಾವ ಕೈ ಎಂದು ಗುರುತು ಹಾಕಿ. ಸುರುಳಿಯ ಗೆರೆ ಒಂದೇ ದಿಕ್ಕಿನಲ್ಲಿ ಏಣಿಯ ಮೆಟ್ಟಿಲಿನಂತೆ ಕಂಪಿಸಿದ್ದರೆ ನಡುಕ. ಎಲ್ಲೆಂದರಲ್ಲಿ ದಾರಿ ಬಿಟ್ಟು ಹೊರಹೋಗಿ ಮತ್ತೆ ಸೇರಿದ್ದರೆ ಅಳತೆ ತಪ್ಪಿದ್ದು. ಒಂದೇ ಹಾಳೆಯಲ್ಲಿ ಎರಡೂ ಕಾಣಬಹುದು.

ನೀರಿನ ಪರೀಕ್ಷೆಗೆ ಸುಮಾರು 8 ಸೆಂ.ಮೀ. ಎತ್ತರದ, ಹಿಡಿದರೆ ಅಮುಕದ ಎರಡು ಗಟ್ಟಿ ಪ್ಲಾಸ್ಟಿಕ್ ಲೋಟ. ಒಂದರಲ್ಲಿ ಕಂಠದಿಂದ 1 ಸೆಂ.ಮೀ. ಕೆಳಗಿನವರೆಗೆ ನೀರು. ಒಂದರಿಂದ ಇನ್ನೊಂದಕ್ಕೆ ಸುರಿಯಬೇಕು. ಹುಷಾರಾಗಿ ಸುರಿದು ಒಂದು ಹನಿಯೂ ಚೆಲ್ಲದಿದ್ದರೆ 1, ಹತ್ತನೇ ಒಂದು ಭಾಗದವರೆಗೆ ಚೆಲ್ಲಿದರೆ 2, ಅರ್ಧದವರೆಗೆ 3, ಬಹುಪಾಲು ಚೆಲ್ಲಿದರೆ 4. ಕಣ್ಣಳತೆಯಲ್ಲಿ ಅಂಕ ಹಾಕಬೇಡಿ. ಉಳಿದ ನೀರನ್ನು ಅಳತೆಯ ಜಾಡಿಗೆ ಸುರಿದು ನೋಡಿ, ಮೊದಲಿದ್ದ ಪ್ರಮಾಣದಿಂದ ಅದನ್ನು ಕಳೆದು ಲೆಕ್ಕ ಹಾಕಿ. ತೆಳು ಲೋಟ ಕೊಟ್ಟರೆ ಹಿಡಿತ ಬಿಗಿಯಾಗಿ ಲೋಟ ಅಮುಕಿ ನೀರು ಉಕ್ಕುತ್ತದೆ, ಆ ದೋಷ ನಡುಕದ ತಲೆಗೆ ಬರುತ್ತದೆ. ಬಿಸಿ ನೀರು ಯಾವ ಕಾರಣಕ್ಕೂ ಬೇಡ.

ಸೆನ್ಸರ್ ಯಾವಾಗ ಬೇಕು?

ಮಣಿಕಟ್ಟಿಗೆ ಕಟ್ಟುವ ಆಕ್ಸಿಲರೋಮೀಟರ್ (ಚಲನೆ ಅಳೆಯುವ ಸಣ್ಣ ಸಾಧನ) ಅಥವಾ ಡಿಜಿಟಲ್ ಟ್ಯಾಬ್ಲೆಟ್ ಕಣ್ಣಿಗೆ ಸಿಗದ ಎರಡು ಸಂಗತಿ ಹೇಳುತ್ತದೆ: ನಡುಕದ ವೇಗ ಮತ್ತು ಅಗಲ. ಕಿರುಮೆದುಳಿನ ನಡುಕ ನಿಧಾನ, ಸೆಕೆಂಡಿಗೆ ಸುಮಾರು 3ರಿಂದ 5 ಸಲ. ಎಲ್ಲರಲ್ಲೂ ಇರುವ ಸಹಜ ಸೂಕ್ಷ್ಮ ನಡುಕ 8ರಿಂದ 12 ಸಲ. ಕೈಗೆ ತೂಕ ಕಟ್ಟಿದಾಗ ವೇಗ ಸ್ಪಷ್ಟವಾಗಿ ಇಳಿದರೆ ಅದು ಕೈಯ ಯಾಂತ್ರಿಕ ಕಂಪನ. ಇಳಿಯದಿದ್ದರೆ ಮೂಲ ಮೆದುಳಿನಲ್ಲಿದೆ. ಕಾರಣದ ಬಗ್ಗೆ ನಿಜವಾದ ಅನುಮಾನವಿದ್ದಾಗ ಅಥವಾ ಔಷಧದ ಪ್ರಯೋಗ ನಡೆಸುವಾಗ ಇದಕ್ಕೆ ಬೆಲೆ ಇದೆ. ಇಂಟೆನ್ಷನ್ ಟ್ರೆಮರ್‌ಗೆ ಮಾತ್ರ ಒಂದು ತೊಡಕಿದೆ. ಕೈ ಬೇಕೆಂದೇ ಮಾಡುವ ಚಲನೆಯೂ ಸೆನ್ಸರ್‌ಗೆ ಚಲನೆಯೇ. ಎರಡನ್ನೂ ಬೇರ್ಪಡಿಸುವ ಲೆಕ್ಕಾಚಾರ ಸರಿಯಿಲ್ಲದ ಮೊಬೈಲ್ ಆ್ಯಪ್ ಕೊಡುವ ಸಂಖ್ಯೆಯನ್ನು ನಂಬಲಾಗದು. ಮನೆಯಲ್ಲಿ ಗಮನಿಸಲು ಸಂಖ್ಯೆಗಿಂತ ವಿಡಿಯೊ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕೈಯ ಕೆಲಸ: ಒಂಬತ್ತು ರಂಧ್ರಗಳ ಹಲಗೆ

ನೈನ್ ಹೋಲ್ ಪೆಗ್ ಟೆಸ್ಟ್ ನಡುಕವನ್ನು ಅಳೆಯುವುದಿಲ್ಲ. ನಡುಕ, ಬಲಹೀನತೆ, ಜೋಮು, ಬಿಗಿತ ಎಲ್ಲ ಸೇರಿ ಕೈಯನ್ನು ಎಷ್ಟು ನಿಧಾನ ಮಾಡಿವೆ ಎಂಬುದನ್ನು ಸೆಕೆಂಡುಗಳಲ್ಲಿ ಹೇಳುತ್ತದೆ. ಎಂಎಸ್‌ಗೆ ಇದಕ್ಕಿಂತ ಒಳ್ಳೆಯ ಕೈಪರೀಕ್ಷೆ ಈ ಬೆಲೆಗೆ ಸಿಗುವುದಿಲ್ಲ.

ಹಲಗೆ ಜಾರದಂತೆ ಕೆಳಗೆ ರಬ್ಬರ್ ಹಾಸು. ಪೆಗ್, ಅಂದರೆ ಸಣ್ಣ ಕಡ್ಡಿಗಳ ಬಟ್ಟಲು ಪರೀಕ್ಷಿಸುವ ಕೈಯ ಕಡೆಗೆ. ಒಂದೊಂದೇ ಪೆಗ್ ತೆಗೆದು ಒಂಬತ್ತೂ ರಂಧ್ರಕ್ಕೆ ಹಾಕಿ, ಹಾಕಿ ಮುಗಿದ ಕೂಡಲೇ ಒಂದೊಂದೇ ತೆಗೆದು ಬಟ್ಟಲಿಗೆ ಹಾಕಬೇಕು. ಮೊದಲ ಪೆಗ್ ಮುಟ್ಟಿದಾಗ ಗಡಿಯಾರ ಶುರು, ಕೊನೆಯ ಪೆಗ್ ಬಟ್ಟಲಿಗೆ ಬಿದ್ದಾಗ ಬಂದ್. ರೂಢಿಯ ಕೈಯಲ್ಲಿ ಎರಡು ಸಲ, ಆಮೇಲೆ ಇನ್ನೊಂದು ಕೈಯಲ್ಲಿ ಎರಡು ಸಲ. ಪ್ರತಿ ಸಲಕ್ಕೂ ಗರಿಷ್ಠ 300 ಸೆಕೆಂಡು. ಆರೋಗ್ಯವಂತ ವಯಸ್ಕರು ಸಾಮಾನ್ಯವಾಗಿ 20 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತಾರೆ.

41 ಮತ್ತು 37 ಸೆಕೆಂಡು ಬಂದರೆ ಆ ಕೈಯ ಸರಾಸರಿ 39. ಶೇಕಡಾ 20ರಷ್ಟು ಬದಲಾದರೆ ಅದನ್ನು ನಿಜವಾದ ಬದಲಾವಣೆ ಎಂದು ಎಣಿಸುವುದು ರೂಢಿ. ಅಂದರೆ ಈ ಕೈ ಮುಂದಿನ ಸಲ 47 ಸೆಕೆಂಡು ತೆಗೆದುಕೊಂಡರೆ ಚಿಂತಿಸಬೇಕು, 42 ಆದರೆ ಅದು ಆ ದಿನದ ಏರಿಳಿತ. ಎರಡೂ ಕೈಗಳ ಸರಾಸರಿಯನ್ನು ಒಂದೇ ಸಂಖ್ಯೆಯಾಗಿ ಬರೆಯಬೇಡಿ. ಎಂಎಸ್ ಎರಡು ಕೈಗಳನ್ನು ಸಮನಾಗಿ ಕಾಡುವುದಿಲ್ಲ. ಒಂದು ಕೈ ಕೆಡುತ್ತಿರುವುದನ್ನು ಇನ್ನೊಂದು ಚೆನ್ನಾಗಿರುವ ಕೈ ಮುಚ್ಚಿಡುತ್ತದೆ.

ಕೆಡುವುದು ಎಲ್ಲಿ? ಹಲಗೆ ಬದಲಾದರೆ ಸಮಯವೂ ಬದಲಾಗುತ್ತದೆ. ಮರದ್ದು, ಪ್ಲಾಸ್ಟಿಕ್ಕಿನದು ಒಂದೇ ಅಲ್ಲ, ಬಟ್ಟಲಿನ ಆಳವೂ ಒಂದೇ ಅಲ್ಲ. ಮೊದಲ ಕೆಲವು ಸಲ ಅಭ್ಯಾಸದಿಂದಲೇ ವೇಗ ಹೆಚ್ಚುತ್ತದೆ. ಹೊಸ ಮಾತ್ರೆ ಶುರುಮಾಡುವ ದಿನವೇ ಮೊದಲ ಪರೀಕ್ಷೆ ಮಾಡಿದರೆ ಈ ಕಲಿಕೆ ಮಾತ್ರೆಯ ಗುಣದಂತೆ ಕಾಣುತ್ತದೆ. ಕಣ್ಣು ಮಂಜಾದವರಿಗೆ ಬಿಳಿ ಹಲಗೆಯ ಬಿಳಿ ಪೆಗ್ ಕಾಣುವುದೇ ಇಲ್ಲ. ನಡುಕ ತೀವ್ರವಾಗಿ 300 ಸೆಕೆಂಡಿನಲ್ಲೂ ಮುಗಿಯದವರಿಗೆ ಈ ಪರೀಕ್ಷೆಯಿಂದ ಇನ್ನೇನೂ ತಿಳಿಯುವುದಿಲ್ಲ. ಅಂಥವರಿಗೆ ಬಾಕ್ಸ್ ಆ್ಯಂಡ್ ಬ್ಲಾಕ್ ಪರೀಕ್ಷೆ ಒಳ್ಳೆಯದು. 2.5 ಸೆಂ.ಮೀ. ಅಂಚಿನ ಘನಗಳನ್ನು ನಡುಗೋಡೆ ದಾಟಿಸಿ 60 ಸೆಕೆಂಡಿನಲ್ಲಿ ಎಷ್ಟು ಹಾಕಿದರು ಎಂದು ಎಣಿಸುವುದಷ್ಟೇ. ಎರಡು ಘನ ದಾಟಿಸಿದರೂ ಅದೊಂದು ಅಂಕ, ಮುಂದಿನ ಸಲಕ್ಕೆ ಹೋಲಿಸಲು ಒಂದು ಆಧಾರ.

ಸೆಕೆಂಡುಗಳು ಹೇಳದ್ದನ್ನು ರೋಗಿಯೇ ಹೇಳಬೇಕು. ಎಂಎಸ್ ಇರುವವರ ತೋಳಿನ ಕೆಲಸಕ್ಕೆಂದೇ ಮಾಡಿದ 31 ಪ್ರಶ್ನೆಗಳ ಎಎಂಎಸ್‌ಕ್ಯೂ ಇದಕ್ಕೆ ಒಪ್ಪುತ್ತದೆ. ತುಂಬುವ ಕೈ ನಡುಗುತ್ತಿದ್ದರೆ ಪ್ರಶ್ನೆಯನ್ನು ಇದ್ದ ಹಾಗೇ ಓದಿ ಹೇಳಿ, ಉತ್ತರವನ್ನು ಬೇರೆಯವರು ಗುರುತು ಹಾಕಲಿ. ಮನೆಯವರು ತಮ್ಮ ಅಭಿಪ್ರಾಯ ಸೇರಿಸಬಾರದು.

ಇಡಿಎಸ್‌ಎಸ್ ಕೈಯನ್ನು ನೋಡುವುದು ಎಷ್ಟು?

ಎಂಎಸ್ ಕಡತಗಳಲ್ಲಿ ಎಲ್ಲೆಲ್ಲೂ ಕಾಣುವ ಸಂಖ್ಯೆ ಇಡಿಎಸ್‌ಎಸ್, ಕಾಯಿಲೆಯಿಂದಾದ ಒಟ್ಟು ಅಸಾಮರ್ಥ್ಯದ ಅಂಕ. ನರರೋಗ ತಜ್ಞ ಕುರ್ಟ್ಸ್‌ಕಿ 1983ರಲ್ಲಿ ಕೊಟ್ಟ ರೂಪ, 0ರಿಂದ 10, ಅರ್ಧರ್ಧ ಮೆಟ್ಟಿಲು. ಕೆಳಗಿನ ಅಂಕಗಳಲ್ಲಿ ಎಲ್ಲ ನರವ್ಯವಸ್ಥೆಗಳೂ ಲೆಕ್ಕಕ್ಕೆ ಬರುತ್ತವೆ. 4 ದಾಟಿದ ಮೇಲೆ ನಡಿಗೆಯದೇ ಆಳ್ವಿಕೆ. ಆಸರೆ ಇಲ್ಲದೆ 500 ಮೀಟರ್ ನಡೆದರೆ 4, 200 ಮೀಟರ್ ಆದರೆ 5, ಒಂದು ಕೋಲು ಹಿಡಿದು 100 ಮೀಟರ್ ನಡೆದರೆ 6, ಎರಡೂ ಕಡೆ ಆಸರೆ ಹಿಡಿದು 20 ಮೀಟರ್ ಆದರೆ 6.5. ಕೋಲು ಹಿಡಿದು ನಡೆಯುವ ಒಬ್ಬರ ಕೈ ಒಂದು ವರ್ಷದಲ್ಲಿ ಊಟ ಮಾಡಲಾಗದಷ್ಟು ನಡುಗತೊಡಗಿದರೂ ಇಡಿಎಸ್‌ಎಸ್ 6ರಲ್ಲೇ ನಿಲ್ಲಬಹುದು. ‘ಕಾಯಿಲೆ ಸ್ಥಿರವಾಗಿದೆ’ ಎಂಬ ಮಾತು ಆ ಮನೆಗೆ ಎಷ್ಟು ನೋವು ಕೊಡುತ್ತದೆ ಎಂಬುದನ್ನು ಅಂಕ ಬರೆಯುವವರು ಅರಿಯಬೇಕು.

ಇಡಿಎಸ್‌ಎಸ್ ಬಿಡಿ ಎಂದು ಹೇಳುತ್ತಿಲ್ಲ. ಚಿಕಿತ್ಸೆಯ ತೀರ್ಮಾನಗಳೂ ಔಷಧ ಪ್ರಯೋಗಗಳೂ ಅದರ ಮೇಲೆ ನಿಂತಿವೆ. ಆದರೆ ಒಟ್ಟು ಅಂಕದ ಪಕ್ಕದಲ್ಲಿ ಕಿರುಮೆದುಳಿನ ಪ್ರತ್ಯೇಕ ಅಂಕವನ್ನೂ ಬರೆಯಿರಿ. ಬಲಹೀನತೆಯಿಂದ ಕಿರುಮೆದುಳಿನ ಪರೀಕ್ಷೆಗೆ ಅಡ್ಡಿಯಾಗಿದ್ದರೆ ಆ ಅಂಕದ ಪಕ್ಕ ‘ಎಕ್ಸ್’ ಗುರುತು ಹಾಕುವ ನಿಯಮವಿದೆ, ಅದನ್ನು ಮರೆಯಬೇಡಿ.

ಇದಕ್ಕೆ ಪರ್ಯಾಯವಾಗಿ 1990ರ ದಶಕದಲ್ಲಿ ಬಂದ ಎಂಎಸ್‌ಎಫ್‌ಸಿ ಮೂರು ಪರೀಕ್ಷೆಗಳ ಜೋಡಣೆ: 25 ಅಡಿ ನಡಿಗೆ, ಪೆಗ್ ಹಲಗೆ, ಮತ್ತು ಕೇಳಿದ ಅಂಕಿಗಳನ್ನು ಕೂಡಿಸುತ್ತ ಹೋಗುವ ಪಾಸಾಟ್. ಮೂರನ್ನೂ ಬೆರೆಸಿ ತೆಗೆಯುವ ಒಟ್ಟು ಅಂಕ ಸಂಶೋಧಕರಿಗೆ ಸರಿ, ರೋಗಿಗೆ ಅರ್ಥವಾಗುವುದಿಲ್ಲ. ಬಿಡಿಬಿಡಿ ಸಮಯಗಳನ್ನೇ ಇಟ್ಟುಕೊಳ್ಳಿ.

ಉಳಿದ ಲಕ್ಷಣಗಳು

ದಣಿವಿಗೆ ಎರಡು ಪ್ರಶ್ನಾವಳಿ ಮುಖ್ಯ. ಎಫ್‌ಎಸ್‌ಎಸ್‌ನಲ್ಲಿ 9 ಹೇಳಿಕೆ, ಪ್ರತಿಯೊಂದಕ್ಕೂ 1ರಿಂದ 7, ಸರಾಸರಿ 4 ಅಥವಾ ಹೆಚ್ಚಾದರೆ ದಣಿವು ಗಣನೀಯ. ಐದು ನಿಮಿಷದ ಕೆಲಸ. ಎಂಎಫ್‌ಐಎಸ್‌ನಲ್ಲಿ 21 ಪ್ರಶ್ನೆ, ಒಟ್ಟು 84, ಸಾಮಾನ್ಯವಾಗಿ 38ರ ಗಡಿ. ಇದು ದೇಹದ ದಣಿವನ್ನೂ ಯೋಚನೆಯ ದಣಿವನ್ನೂ ಬೇರೆಬೇರೆಯಾಗಿ ಕೊಡುತ್ತದೆ. ದಣಿವು ಇದೆಯೋ ಇಲ್ಲವೋ ತಿಳಿಯಲು ಮೊದಲನೆಯದು, ಏನು ಮಾಡಬೇಕೆಂದು ಯೋಚಿಸಲು ಎರಡನೆಯದು. ಅಂಕ ಹೆಚ್ಚಿದ್ದರೆ ಅದೆಲ್ಲ ಎಂಎಸ್‌ನದೇ ಎಂದುಕೊಳ್ಳುವ ಮುನ್ನ ನಿದ್ದೆ, ರಕ್ತಹೀನತೆ, ಥೈರಾಯ್ಡ್, ಖಿನ್ನತೆ, ಮಂಪರು ತರುವ ಔಷಧಿಗಳನ್ನು ನೋಡಿ. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವವರ ದಣಿವಿಗೆ ಮದ್ದು ಮೂತ್ರಕೋಶದ ಚಿಕಿತ್ಸೆಯಲ್ಲಿರುತ್ತದೆ.

ಬಿಗಿತಕ್ಕೆ ಮಾಡಿಫೈಡ್ ಆಶ್ವರ್ತ್ ಮಾಪಕ ಎಲ್ಲರಿಗೂ ಗೊತ್ತು: 0, 1, 1+, 2, 3, 4. ಆದರೆ ಅದು ಹಾಸಿಗೆಯ ಮೇಲೆ ಸಡಿಲ ಮಲಗಿದ ಕಾಲಿನ ಆ ಕ್ಷಣದ ಬಿಗಿತ. ಹತ್ತು ಸಲ ಮಡಿಸಿ ಬಿಡಿಸಿದರೆ ಬಿಗಿತ ತಾನೇ ಸಡಿಲಾಗುತ್ತದೆ, ಮೊದಲ ಒಂದೆರಡು ಸಲದಲ್ಲೇ ಅಂಕ ಹಾಕಿ. ರಾತ್ರಿಯ ಸೆಳೆತ, ಎದ್ದೊಡನೆ ಕಾಲು ಮರದಂತಾಗುವುದು ಅದರಲ್ಲಿ ಬರುವುದಿಲ್ಲ. ‘ಕಳೆದ 24 ಗಂಟೆಯಲ್ಲಿ ಬಿಗಿತ 0ರಿಂದ 10ರಲ್ಲಿ ಎಷ್ಟಿತ್ತು’ ಎಂಬ ಒಂದೇ ಪ್ರಶ್ನೆ ಹೆಚ್ಚು ಹೇಳುತ್ತದೆ. ಅದರಲ್ಲಿ ಶೇಕಡಾ 30 ಇಳಿಕೆ ಬಂದರೆ ರೋಗಿಗೂ ನಿಜವಾಗಿ ಹಗುರವೆನಿಸುತ್ತದೆ. ಬಿಗಿತ ಸಡಿಲಿಸುವ ಬ್ಯಾಕ್ಲೋಫೆನ್ ಶುರುಮಾಡಿದ ಮೇಲೆ ಆಶ್ವರ್ತ್ ಇಳಿದು, ನಡಿಗೆಯ ಸಮಯ ಏರಿದರೆ ಮಾತ್ರೆ ಹೆಚ್ಚಾಗಿರಬಹುದು. ಕೆಲವರು ನಿಲ್ಲುವುದೇ ಆ ಬಿಗಿತದ ಆಸರೆಯಿಂದ.

ನಡಿಗೆಗೆ 25 ಅಡಿ, ಅಂದರೆ 7.62 ಮೀಟರ್ ಪರೀಕ್ಷೆ ಸಾಕು. ಹಾಕಿದ ಗೆರೆಯ ಆಚೆಗೂ ಒಂದೆರಡು ಮೀಟರ್ ಜಾಗ ಬಿಡಿ, ಇಲ್ಲವಾದರೆ ಎಲ್ಲರೂ ಗೆರೆಯ ಮುಂಚೆಯೇ ನಿಧಾನಿಸುತ್ತಾರೆ. ಎರಡು ಸಲ, ಆದಷ್ಟು ವೇಗವಾಗಿ ಆದರೆ ಬೀಳದಂತೆ. ಯಾವ ಕೋಲು, ಯಾವ ಚಪ್ಪಲಿ ಎಂದು ಬರೆಯಿರಿ. ಇಲ್ಲೂ ಶೇಕಡಾ 20ರ ಲೆಕ್ಕವೇ. ಹತ್ತು ಹೆಜ್ಜೆ ಚೆನ್ನಾಗಿ ನಡೆದು ಐದು ನಿಮಿಷದ ನಂತರ ಕಾಲು ಎಳೆಯುವವರನ್ನು ಇದು ಹಿಡಿಯುವುದಿಲ್ಲ. ಅವರಿಗೆ 6 ನಿಮಿಷದ ನಡಿಗೆ, ಜೊತೆಗೆ ನಡಿಗೆಯ ಬಗ್ಗೆ 12 ಪ್ರಶ್ನೆಗಳ ಎಂಎಸ್‌ಡಬ್ಲ್ಯುಎಸ್.

ಯೋಚನೆಯ ವೇಗಕ್ಕೆ ಪಾಸಾಟ್‌ಗಿಂತ ಎಸ್‌ಡಿಎಂಟಿ ವಾಸಿ. ಚಿಹ್ನೆಗೆ ತಕ್ಕ ಅಂಕಿಯನ್ನು 90 ಸೆಕೆಂಡು ಹೇಳುತ್ತ ಹೋಗುವುದು. ನಡುಕ ಇರುವವರಿಗೆ ಬಾಯಲ್ಲಿ ಹೇಳುವ ರೂಪವೇ ಇರಲಿ. ಬರೆಯುವ ರೂಪ ಕೊಟ್ಟರೆ ಕೈಯ ತೊಂದರೆ ಮೆದುಳಿನ ನಿಧಾನವೆಂದು ದಾಖಲಾಗುತ್ತದೆ. ಮಾತು ತೊದಲುವವರಲ್ಲಿ, ದೃಷ್ಟಿ ಮಂಜಾದವರಲ್ಲಿ ಅಂಕದ ಪಕ್ಕ ಆ ಟಿಪ್ಪಣಿ ಇರಲೇಬೇಕು. 4 ಅಂಕದ ಕುಸಿತ ಗಮನಿಸಬೇಕಾದದ್ದು.

ಮನಸ್ಸಿನ ಸ್ಥಿತಿಗೆ ಪಿಎಚ್‌ಕ್ಯೂ-9 ಎಂಬ ಖಿನ್ನತೆಯ ಪ್ರಶ್ನಾವಳಿ ಸುಲಭ, ಆದರೆ ಅದರಲ್ಲಿ ದಣಿವು, ನಿದ್ದೆ, ಏಕಾಗ್ರತೆಯ ಪ್ರಶ್ನೆಗಳಿವೆ. ಎಂಎಸ್ ಒಂದೇ ಅವಕ್ಕೆ ಅಂಕ ತುಂಬಬಲ್ಲದು. 14 ಪ್ರಶ್ನೆಗಳ ಎಚ್‌ಎಡಿಎಸ್ ದೇಹದ ಲಕ್ಷಣಗಳನ್ನು ಬಹುತೇಕ ಬಿಟ್ಟಿದೆ, ಆ ಮಟ್ಟಿಗೆ ಇಲ್ಲಿ ಹೆಚ್ಚು ಹೊಂದುತ್ತದೆ. ಯಾವುದನ್ನೇ ಬಳಸಿದರೂ, ಸಾಯುವ ಯೋಚನೆ ಬಂದಿದೆ ಎಂಬ ಉತ್ತರ ಸಿಕ್ಕರೆ ಅಂಕ ಕೂಡಿಸುತ್ತ ಕೂರಬೇಡಿ. ಆ ದಿನವೇ, ಆ ಕೋಣೆಯಲ್ಲೇ ಮಾತಾಡಿ, ತಜ್ಞರ ಬಳಿ ಕಳಿಸಿ.

ಮೂತ್ರದ ತೊಂದರೆಗೆ 3 ದಿನದ ಡೈರಿ ಮತ್ತು ಮೂತ್ರ ಮಾಡಿದ ಮೇಲೆ ಉಳಿಯುವ ಪ್ರಮಾಣದ ಸ್ಕ್ಯಾನ್, ಎರಡೂ ಬೇಕು. ಪದೇಪದೇ ಹೋಗಬೇಕೆನ್ನಿಸುವುದು ಮೂತ್ರಕೋಶ ಅತಿಯಾಗಿ ಚುರುಕಾದದ್ದರಿಂದಲೂ ಆಗುತ್ತದೆ, ಪೂರ್ತಿ ಖಾಲಿಯಾಗದ್ದರಿಂದಲೂ ಆಗುತ್ತದೆ. ಪ್ರಶ್ನಾವಳಿ ಇವೆರಡನ್ನು ಬೇರ್ಪಡಿಸಲಾರದು.

ಅಳೆಯುವ ದಿನ

ಮೈ ಬಿಸಿಯಾದರೆ ಅನೇಕರಲ್ಲಿ ಎಂಎಸ್‌ನ ಲಕ್ಷಣಗಳು ಹೆಚ್ಚುತ್ತವೆ. ಊಟಾಫ್ ಪರಿಣಾಮ ಎನ್ನುತ್ತಾರೆ. ಬಿಸಿಲಲ್ಲಿ ಬಂದವರನ್ನು ತಂಪಾದ ಕೋಣೆಯಲ್ಲಿ ಕೂರಿಸಿ, ತಣಿದ ಮೇಲೆ ಶುರುಮಾಡಿ. ಜ್ವರ ಅಥವಾ ಮೂತ್ರದ ಸೋಂಕು ಇದ್ದರೆ ಅಂದಿನ ಅಂಕ ಹೋಲಿಕೆಗೆ ಬಾರದು, ಸೋಂಕು ವಾಸಿಯಾದ ಮೇಲೆ ಮತ್ತೆ ಕರೆಯಿರಿ. ಹೊಸ ಮರುಕಳಿಕೆ ಎಂದು ಕರೆಯಬೇಕಾದರೆ ಜ್ವರ, ಸೋಂಕು ಇಲ್ಲದೆ ಲಕ್ಷಣ ಕನಿಷ್ಠ 24 ಗಂಟೆ ಇದ್ದಿರಬೇಕು.

ಬೆಳಿಗ್ಗೆ ಅಳೆದವರನ್ನು ಮುಂದಿನ ಸಲವೂ ಬೆಳಿಗ್ಗೆಯೇ ಅಳೆಯಿರಿ. ಬ್ಯಾಕ್ಲೋಫೆನ್, ಕ್ಲೊನಾಜೆಪಾಮ್‌ನಂಥ ಮಾತ್ರೆ ನುಂಗಿ ಎಷ್ಟು ಗಂಟೆಯಾಯಿತು ಎಂದು ಬರೆಯಿರಿ. ಪ್ರಶ್ನಾವಳಿಗಳು ಮೊದಲು, ದೇಹದ ಪರೀಕ್ಷೆಗಳು ಆಮೇಲೆ. ಪೆಗ್ ಹಲಗೆಯಲ್ಲಿ ಸೋತ ಬೇಸರ ಆಮೇಲೆ ಕೇಳುವ ಪ್ರಶ್ನೆಯ ಉತ್ತರಕ್ಕೆ ಅಂಟಿಕೊಳ್ಳುತ್ತದೆ. ದೇಹದ ಪರೀಕ್ಷೆಗಳಲ್ಲಿ ಆಯಾಸ ತರುವ ನಡಿಗೆ ಕೊನೆಗಿರಲಿ. ಯಾವ ಕ್ರಮ ಹಿಡಿದರೂ ಪ್ರತಿಸಲ ಅದೇ ಕ್ರಮ.

ಎಷ್ಟು ಸಮಯವಿದೆ ಎಂಬುದರ ಮೇಲೆ

ಹತ್ತು ನಿಮಿಷವಷ್ಟೇ ಇದ್ದರೆ ಎರಡೂ ಕೈಯ ಪೆಗ್ ಪರೀಕ್ಷೆ, ಎರಡು ಸುರುಳಿ, ಮತ್ತು ‘ಕಳೆದ ಸಲಕ್ಕಿಂತ ಈಗ ಯಾವ ಕೆಲಸ ಬಿಟ್ಟಿದ್ದೀರಿ?’ ಎಂಬ ಪ್ರಶ್ನೆ. ‘ನಡುಕ ಹೇಗಿದೆ?’ ಎಂದು ಕೇಳಿದರೆ ‘ಹಾಗೇ ಇದೆ’ ಎನ್ನುತ್ತಾರೆ. ಬಿಟ್ಟ ಕೆಲಸ ಕೇಳಿದರೆ ಆರು ತಿಂಗಳಿಂದ ಸ್ವತಃ ಶೇವ್ ಮಾಡಿಕೊಂಡಿಲ್ಲ ಎಂಬುದು ಹೊರಬರುತ್ತದೆ.

ಅರ್ಧ ಗಂಟೆ ಇದ್ದರೆ ಬೇನ್ ಮಾಪಕ, 25 ಅಡಿ ನಡಿಗೆ, ಎಸ್‌ಡಿಎಂಟಿ ಸೇರಿಸಿ. ಎಂಎಫ್‌ಐಎಸ್ ಅನ್ನು ಕಾಯುವ ಹೊತ್ತಿನಲ್ಲಿ ತುಂಬಿಸಿ. ಶಸ್ತ್ರಚಿಕಿತ್ಸೆಗೆ ಮುನ್ನವಾದರೆ ಅರ್ಧ ದಿನ ಮೀಸಲಿಡಿ: ಫಾನ್–ಟೊಲೊಸಾ–ಮರಿನ್, ಸಾರಾ, ತೋಳಿನ ಬಲ, ಸ್ಪರ್ಶ, ದೃಷ್ಟಿ, ಯೋಚನೆಯ ಪರೀಕ್ಷೆಗಳು, ವಿಡಿಯೊ. ಸಾಧ್ಯವಾದರೆ ಕೆಲವು ವಾರ ಬಿಟ್ಟು ಇನ್ನೊಮ್ಮೆ, ಒಂದೇ ದಿನದ ಕೆಟ್ಟ ಅಂಕದ ಮೇಲೆ ಇಷ್ಟು ದೊಡ್ಡ ತೀರ್ಮಾನ ನಿಲ್ಲಬಾರದು.

ಮನೆಯಲ್ಲಿ ಗಮನಿಸುವವರು ತಿಂಗಳಿಗೊಮ್ಮೆ, ಅದೇ ಕುರ್ಚಿಯಲ್ಲಿ, ಅದೇ ಹೊತ್ತಿಗೆ ಒಂದು ನಿಮಿಷದ ವಿಡಿಯೊ ತೆಗೆಯಲಿ. 15 ಸೆಕೆಂಡು ಎರಡೂ ಕೈ ಚಾಚಿ ಹಿಡಿಯುವುದು, ಆಮೇಲೆ ಎರಡೂ ಕೈಯಿಂದ ನಾಲ್ಕು ನಾಲ್ಕು ಸಲ ಮೂಗು ಮುಟ್ಟುವುದು, ಕೊನೆಗೆ ಅರ್ಧ ಲೋಟ ತಣ್ಣೀರು ಎತ್ತಿ ಒಂದು ಗುಟುಕು ಕುಡಿಯುವುದು. ಫೋನನ್ನು ಕೈಯಲ್ಲಿ ಹಿಡಿಯದೆ ಸ್ಟ್ಯಾಂಡಿನ ಮೇಲೆ, ಎದುರಿನಿಂದ, ಸೊಂಟದಿಂದ ಮೇಲಿನ ಭಾಗ ಪೂರ್ತಿ ಕಾಣುವಂತೆ ಇಡಿ. ಫೈಲಿಗೆ ತಾರೀಕಿನ ಹೆಸರು ಕೊಟ್ಟು, ಅಂದು ನುಂಗಿದ ಮಾತ್ರೆಗಳನ್ನು ವಿಡಿಯೊ ಶುರುವಿನಲ್ಲೇ ಬಾಯಿಬಿಟ್ಟು ಹೇಳಿಸಿ.